ಹದಿನಾಲ್ಕನೇ ನಂಬರಿನ ಖಾಲಿ ಚೌಕ

ಬೆಳಗಿನಿಂದ ಇದು ಮೂರನೇ ಸಲ, ತಂಗಿಯ ಫೋನು. ಮೇಜಿನಕ್ಕ ಅದನ್ನು ಡ್ರಾಯರಿನೊಳಗೆ ಹಾಕಿ ಮುಚ್ಚಿದಳು. ಈಗ ಡ್ರಾಯರೇ ಗುರ್ ಗುರ್ ಅನ್ನತೊಡಗಿತು, ಒಳಗೆ ಯಾರನ್ನೋ ಕೂಡಿಹಾಕಿದ ಹಾಗೆ. ಇಪ್ಪತ್ತಾರು ವರ್ಷ ಬ್ಯಾಸ್ಕೆಟ್‌ಬಾಲ್ ಕೋರ್ಟಿನ ಅಂಚಿಗೆ ಮೇಜು ಹಾಕಿಕೊಂಡು ಸ್ಕೋರ್ ಬರೆದು ಬರೆದು ಅವಳು ಆಟದ ಹುಡುಗಿಯರ ಬಾಯಲ್ಲಿ ಮೇಜಿನಕ್ಕ ಆಗಿದ್ದಳು. ಈಗೀಗ ಮನೆಯಲ್ಲಿ ಗಂಡನೂ ಹಾಗೇ ಕರೆಯುತ್ತಿದ್ದ, ಸಿಟ್ಟು ಬಂದಾಗ ಮಾತ್ರ. ಫೆಡರೇಷನ್ನಿನ ಈ ಕೋಣೆ ಒಳಾಂಗಣ ಕ್ರೀಡಾಂಗಣದ ಗ್ಯಾಲರಿ ಮೆಟ್ಟಿಲುಗಳ ಕೆಳಗಿತ್ತು. ಚಾವಣಿ ಇಳಿಜಾರು. ಬಂದವರೆಲ್ಲ ಒಂದಲ್ಲ ಒಂದು ಸಲ ಹಣೆ ಚಚ್ಚಿಸಿಕೊಂಡವರೇ. ತಲೆ ತಗ್ಗಿಸದೆ ಮೂಲೆಯ ಬೀರುವಿನವರೆಗೂ ಹೋಗಿ ಬರಬಲ್ಲವಳು ಇವಳೊಬ್ಬಳೇ. ‘ದೇವರು ನಿಮ್ಮನ್ನ ಸುಮ್ನೆ ಕುಳ್ಳಗೆ ಮಾಡಿಲ್ಲ ಮೇಡಂ, ಈ ಆಫೀಸಿನ ಅಳತೆ ತಗೊಂಡೇ ಮಾಡಿದಾನೆ’ ಎಂದು ಕಾರ್ಯದರ್ಶಿ ವರ್ಷಕ್ಕೆರಡು ಸಲ ನಗುತ್ತಿದ್ದರು. ಇವಳೂ ವರ್ಷಕ್ಕೆರಡು ಸಲ ನಗುತ್ತಿದ್ದಳು. ಆಮೇಲೆ ಟೀ ಕುಡಿಯುವಾಗ ಅದೇ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು.

ಮೇಜಿನ ಮೇಲೆ ಸ್ಕೋರ್‌ಶೀಟುಗಳ ಕಟ್ಟುಗಳು. ದೇಶದ ಹೆಂಗಸರ ತಂಡ ಮೂವತ್ತೊಂದು ವರ್ಷಗಳಲ್ಲಿ ಆಡಿದ ಅಂತರರಾಷ್ಟ್ರೀಯ ಪಂದ್ಯಗಳೆಲ್ಲ ಇಲ್ಲಿದ್ದವು: ನೂರ ಅರವತ್ತನಾಲ್ಕು ಆಟ, ನಲವತ್ತೇಳು ಗೆಲುವು, ನೂರ ಹದಿನೇಳು ಸೋಲು. ಒಂದು ಸಲ ಐದನೇ ಸ್ಥಾನ, ಅದೇ ಹೆಚ್ಚು. ಒಂದು ಸಲ ಎಪ್ಪತ್ತೊಂಬತ್ತು ಪಾಯಿಂಟಿನ ಸೋಲು, ಅದೇ ಪಾತಾಳ. ಆ ಹಾಳೆಯ ಮೇಲೆ ಯಾರದೋ ಟೀ ಲೋಟದ ಉಂಗುರ ಬೇರೆ. ಸೋಲುಗಳನ್ನು ಒಂದರ ಕೆಳಗೊಂದು ಇಳಿಸುತ್ತಾ ಹೋದರೆ ಒಂದು ಹೊತ್ತಿನ ನಂತರ ನಾಚಿಕೆ ಆಗುವುದು ನಿಂತುಹೋಗುತ್ತದೆ ಎಂಬುದನ್ನು ಅವಳು ಈ ಎರಡು ತಿಂಗಳಲ್ಲಿ ಕಂಡುಕೊಂಡಿದ್ದಳು. ಒಳಾಂಗಣಕ್ಕೆ ಕಟ್ಟಿಸಿದ ಹೊಸ ಬಾಗಿಲ ಪಕ್ಕದ ಗೋಡೆಗೆ ಒಂದು ದೊಡ್ಡ ಬೋರ್ಡು ಬರುವುದಿತ್ತು. ದೇಶಕ್ಕಾಗಿ ಒಂದು ಸಲವಾದರೂ ಕೋರ್ಟಿಗೆ ಇಳಿದ ಪ್ರತಿಯೊಬ್ಬ ಹೆಂಗಸಿನ ಹೆಸರು, ಮೊದಲು ಇಳಿದ ತಾರೀಕಿನ ಪ್ರಕಾರ. ಬೋರ್ಡು ಬರೆಯುವವರು ಮೂರು ಗಂಟೆಗೆ ಪಟ್ಟಿ ಒಯ್ಯಲು ಬರುತ್ತಿದ್ದರು. ನಿಯಮ ಮಾಡಿದವಳು ಇವಳೇ. ಬೆಂಚಿನ ಮೇಲೆ ಕೂತು ಬಂದವರು ಲೆಕ್ಕಕ್ಕಿಲ್ಲ. ಹಾಳೆಯಲ್ಲಿ ಆಟಗಾರ್ತಿಯ ನಂಬರಿನ ಪಕ್ಕದ ಪುಟ್ಟ ಚೌಕದಲ್ಲಿ ಇಂಟು ಗುರುತು ಇರಬೇಕು. ಆಟಗಾರ್ತಿ ಮೊದಲ ಸಲ ಒಳಗೆ ಕಾಲಿಟ್ಟ ಕ್ಷಣ ಸ್ಕೋರರ್ ಹಾಕುವ ಗುರುತು ಅದು. ಇಂಟು ಇದ್ದರೆ ಆಡಿದಳು. ಇಲ್ಲದಿದ್ದರೆ ಸುಮ್ಮನೆ ಬಸ್ಸಿನಲ್ಲಿ ಬಂದು ಹೋದಳು.

ಒಂಬತ್ತು ದಿನದ ಹಿಂದೆ ಆ ಹಾಳೆ ಕೈಗೆ ಬಂದಿತ್ತು. ಇಪ್ಪತ್ತೆರಡು ವರ್ಷ ಹಳೆಯದು, ಇದೇ ಒಳಾಂಗಣದಲ್ಲಿ ನಡೆದ ಟೂರ್ನಮೆಂಟಿನದು, ನಲವತ್ತನಾಲ್ಕು–ತೊಂಬತ್ತೊಂದು. ತಂಗಿ ಆಡಿದ ಒಂದೇ ಒಂದು ಪಂದ್ಯ, ಕೊನೆಯ ಹನ್ನೊಂದು ಸೆಕೆಂಡು. ಮುಂದಿನ ವಾರವೇ ಅಭ್ಯಾಸದಲ್ಲಿ ಮೊಣಕಾಲು ತಿರುಚಿಕೊಂಡು ಅವಳ ಆಟ ಮುಗಿದುಹೋಗಿತ್ತು. ಹಾಳೆ ಕಂಡಾಗ ಮೇಜಿನಕ್ಕ ನಕ್ಕಿದ್ದಳು ಕೂಡ, ಬಾರಮ್ಮ ನಮ್ಮನೆ ಮಹಾರಾಣಿ ಅಂದುಕೊಂಡು ಬೆರಳನ್ನು ಕೆಳಗೆ ಇಳಿಸಿದ್ದಳು. ಹನ್ನೆರಡು, ಇಂಟು. ಹದಿಮೂರು, ಇಂಟು. ಹದಿನಾಲ್ಕು. ಬೆರಳು ಅಲ್ಲೇ ನಿಂತಿತು. ಚೌಕ ಖಾಲಿ. ಅವಳು ಹಾಳೆಯನ್ನು ಕಿಟಕಿಗೆ ಹಿಡಿದು ನೋಡಿದಳು, ಕನ್ನಡಕ ಒರೆಸಿ ನೋಡಿದಳು, ಬಣ್ಣ ಮಾಸಿರಬಹುದೆಂದು ಉಗುರಿನಿಂದ ಸವರಿದಳು. ಪೆನ್ನು ಊರಿದ ಗುಳಿಯೂ ಇರಲಿಲ್ಲ. ಫೌಲ್ ಇಲ್ಲ, ಪಾಯಿಂಟ್ ಇಲ್ಲ, ಇಂಟು ಇಲ್ಲ. ತಂಗಿ ಒಳಗಿದ್ದಳು ಎನ್ನಲು ಆ ಇಡೀ ಹಾಳೆಯಲ್ಲಿ ಒಂದು ಚುಕ್ಕೆ ಶಾಯಿ ಇರಲಿಲ್ಲ. ತಳದಲ್ಲಿ ಸ್ಕೋರರ್ ಎಂದಿದ್ದ ಕಡೆ ದುಂಡಗೆ, ಚೂರೂ ನಡುಗದ ಕೈಯಲ್ಲಿ ಇವಳದೇ ಸಹಿ.

ಮೊದಲ ದಿನ ಸುಲಭವಿತ್ತು. ಮರೆತಿರಬೇಕು, ಮನುಷ್ಯರಲ್ಲವೇ. ಎರಡನೇ ದಿನ ತರಬೇತಿಯ ಹುಡುಗಿಯರ ಮುಂದೆ ನಿಂತು ಪ್ರತಿ ವರ್ಷ ಹೇಳುವುದನ್ನೇ ಹೇಳಿದಳು, ‘ಆಟ ನೋಡ್ಬೇಕಾದ್ರೆ ಟಿಕೆಟ್ ತಗೊಂಡು ಮೇಲೆ ಕೂರ್ರಿ. ಈ ಮೇಜಿಗೆ ಕೂತ್ರೆ ಬರೀಬೇಕು. ನಾನು ಇಷ್ಟು ವರ್ಷದಲ್ಲಿ ಒಂದು ಇಂಟು ತಪ್ಪಿಸಿಲ್ಲ.’ ಮೂರನೇ ದಿನದಿಂದ ಒಂದು ಪ್ರಶ್ನೆ ಹಲ್ಲಿನ ಸಂದಿಗೆ ಸಿಕ್ಕಿದ ನಾರಿನ ಹಾಗೆ ಉಳಿದುಕೊಂಡಿತು. ನೂರಾರು ಹಾಳೆಗಳಲ್ಲಿ ಸಾವಿರಾರು ಇಂಟು ಹಾಕಿದ ಕೈ ಅದೊಂದನ್ನೇ ಯಾಕೆ ಮರೆಯಬೇಕು? ಅದೂ ಅವಳದನ್ನೇ?

ಚಿಕ್ಕವರಿದ್ದಾಗ ಅಕ್ಕನ ಬೂಟು ತಂಗಿಗೆ ಹೋಗುತ್ತಿತ್ತು, ಎಲ್ಲ ಮನೆಗಳ ಹಾಗೆ. ತಂಗಿಗೆ ಹನ್ನೆರಡಾಗುವ ಹೊತ್ತಿಗೆ ಅದು ತಿರುವುಮುರುವಾಯಿತು. ‘ಇವ್ಳ ಕಾಲಿಗೆ ಬಿಗಿಯಾಗಿದೆ, ಹೊಸದಿನ್ನೂ, ಮುಂದೆ ಸ್ವಲ್ಪ ಪೇಪರ್ ತುರುಕ್ಕೊಂಡು ನೀನೇ ಹಾಕ್ಕೋ’ ಎಂದು ಅಮ್ಮ ತಂಗಿ ಬಿಟ್ಟ ಬೂಟನ್ನು ಇವಳ ಮುಂದೆ ಇಟ್ಟಿದ್ದಳು. ಅಮ್ಮ ಕೆಟ್ಟವಳಲ್ಲ. ಬೂಟು ಹಾಳಾಗಬಾರದು, ಅಷ್ಟೇ. ತಂಗಿಗೆ ಎರಡು ಹೆಜ್ಜೆ ಇಟ್ಟು ಜಿಗಿದು ಚೆಂಡನ್ನು ಬುಟ್ಟಿಗೆ ಬಿಡುವುದನ್ನು ಕಲಿಸಿದವಳು ಇವಳೇ, ಪೇಪರು ತುರುಕಿದ ಆ ಬೂಟಿನಲ್ಲಿ, ಒಂದು, ಎರಡು, ಹಾರು, ಅಯ್ಯೋ ಕತ್ತೆ, ಎಡಗಾಲಲ್ಲಿ ಹಾರು. ಆಯ್ಕೆಯ ದಿನ ಹೊರದೇಶದ ಕೋಚು ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿಕೊಂಡು ತಂಗಿಯ ಹೆಗಲ ಮೇಲೆ ಕೈಯಿಟ್ಟು, ಇವಳ ತಲೆಯ ಮೇಲೆ ಕೈಯಿಟ್ಟರು. ಒಂದೇ ಎತ್ತರದಲ್ಲಿದ್ದವು ಆ ಎರಡು ಕೈಗಳು. ಸುತ್ತ ನಿಂತವರೆಲ್ಲ ನಕ್ಕರು. ತಂಗಿಯೂ ನಕ್ಕಳು. ಅವತ್ತೇ ಯಾರೋ ಅವಳಿಗೆ ಏಣಿ ಎಂದು ಹೆಸರಿಟ್ಟರು. ಇವಳಿಗೆ ಕೋಚು ಬಹಳ ಮರ್ಯಾದೆಯಿಂದಲೇ, ನಿನ್ನ ಅಕ್ಷರ ಚೆನ್ನಾಗಿದೆಯಂತೆ, ಮೇಜಿಗೆ ಒಳ್ಳೆಯವರು ಬೇಕಾಗಿದ್ದಾರೆ, ಎಂದಿದ್ದರು.

‘ಮೇಡಂ, ಪಟ್ಟಿ?’ ಕಾರ್ಯದರ್ಶಿ ಬಾಗಿಲಲ್ಲಿ ಬಗ್ಗಿ ಒಳಗೆ ಬಂದರು.

‘ಮೂರು ಜನದ್ದು ಅನುಮಾನ ಇದೆ ಸಾರ್. ಯಾವ ಹಾಳೇಲೂ ಇಂಟು ಇಲ್ಲ.’

‘ಇಲ್ಲ ಅಂದ್ರೆ ಇಲ್ಲ. ಅನುಮಾನ ಯಾಕೆ ಇಟ್ಕೋತೀರಿ, ಕಿತ್ತು ಬಿಸಾಕಿ. ನಿಮ್ದೇ ರೂಲು.’

‘ಸ್ಕೋರರ್ ತಪ್ಪು ಮಾಡಿದ್ರೆ?’

‘ಆಗ ಆ ಸ್ಕೋರರ್ ಬಂದು ತಪ್ಪಾಯ್ತು ಅಂತ ಬರ್ದುಕೊಡ್ಬೇಕು. ತಿದ್ದುಪಡಿ ಫಾರಂ ಇದೆಯಲ್ಲ. ಮೇಲಿನ ಕಮಿಟಿಗೆ ಕಳಿಸೋದು, ಅವ್ರು ಒಪ್ಪೋವರೆಗೂ ಆ ಸ್ಕೋರರ್ ಮೇಜಿಂದ ದೂರ. ಯಾರು ಬರ್ದುಕೊಡ್ತಾರೆ ಹೇಳಿ? ಯಾರಿಗೆ ತಲೆ ಕೆಟ್ಟಿದೆ?’ ಅವರು ತಿರುಗಿದರು, ತಿರುಗುವಾಗ ಹಣೆ ಚಚ್ಚಿಕೊಂಡು, ‘ಹಾಳು ಮೆಟ್ಲು’ ಎಂದರು. ‘ಮುಂದಿನ ತಿಂಗಳ ಟೂರ್ನಮೆಂಟಿಗೆ ನೀವೇ ಮುಖ್ಯ ಸ್ಕೋರರ್ ಅಂತ ಬರ್ದು ಕಳಿಸಿದೀನಿ. ಸ್ವೀಟ್ ಕೊಡಿಸ್ಬೇಕು.’

ಅವರು ಹೋದ ಮೇಲೆ ಅವಳು ಅಂದಿನ ಕ್ಯಾಪ್ಟನ್ನಿಗೆ ಫೋನು ಮಾಡಿದಳು. ಯಾಕೆಂದು ತನಗೇ ತಿಳಿಯಲಿಲ್ಲ. ಇನ್ನೊಬ್ಬರು ಸಾಕ್ಷಿ ಹೇಳಿದರೆ ತನ್ನ ಸಾಕ್ಷಿ ಬೇಕಾಗುವುದಿಲ್ಲ ಎಂಬ ಆಸೆಯಿರಬೇಕು. ‘ಏಣಿ ಇಳಿದಿದ್ಲಾ? ಅಯ್ಯೋ, ಯಾವನಿಗೆ ನೆನಪಿದೆ ಮೇಜಿನಕ್ಕ. ನಲವತ್ತೇಳು ಪಾಯಿಂಟಲ್ಲಿ ಸೋತಿದ್ದನ್ನ ನೆನಪಿಟ್ಕೊಂಡು ನಾನೇನು ಮ್ಯೂಸಿಯಂ ಮಾಡ್ಲಾ? ಅವತ್ತು ನಾನು ಟವಲ್ ಮುಚ್ಕೊಂಡು ಅಳ್ತಾ ಕೂತಿದ್ದೆ. ನೀವು ಮೇಜಲ್ಲಿದ್ರಲ್ಲ, ನಿಮಗೇ ಗೊತ್ತಿರ್ಬೇಕು.’ ನಿಮಗೇ ಗೊತ್ತಿರಬೇಕು. ಕೋಚು ಆ ಟೂರ್ನಮೆಂಟ್ ಮುಗಿದ ಮರುದಿನ ವಿಮಾನ ಹತ್ತಿದವರು ಮತ್ತೆ ಸಿಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಸಹಾಯಕ ತೀರಿಕೊಂಡು ಆರು ವರ್ಷ. ಗ್ಯಾಲರಿಯಲ್ಲಿ ಅಮ್ಮ ಇದ್ದಳು, ಆದರೆ ಅಷ್ಟು ಹೊತ್ತಿಗೆ ಬಸ್ಸು ತಪ್ಪುತ್ತದೆಂದು ಎದ್ದು ಹೋಗಿದ್ದಳು. ಆಮೇಲೆ ಜೀವ ಇರುವ ತನಕ, ಹನ್ನೊಂದು ಸೆಕೆಂಡಿಗಾಗಿ ಬಸ್ಸು ಹಿಡಿದೆನಲ್ಲೇ ಎಂದು ಕೊರಗಿದಳು.

ಡ್ರಾಯರು ಸುಮ್ಮನಾಗಿತ್ತು. ಮೇಜಿನಕ್ಕ ಪೆನ್ನಿನ ಡಬ್ಬಿಯಿಂದ ನೀಲಿ ಪೆನ್ನು ತೆಗೆದಳು. ಒಂದು ಮತ್ತು ಮೂರನೇ ಕ್ವಾರ್ಟರಿಗೆ ಕೆಂಪು, ಎರಡು ಮತ್ತು ನಾಲ್ಕಕ್ಕೆ ನೀಲಿ. ಹನ್ನೊಂದು ಸೆಕೆಂಡು ಉಳಿದಾಗ, ಅಂದರೆ ನೀಲಿ. ಎರಡು ಗೀಟು. ಒಂದು ಸೊಳ್ಳೆ ಕೂತು ಏಳುವಷ್ಟು ಹೊತ್ತು. ಕ್ಯಾಪು ತೆಗೆದು, ಹಾಕಿ, ಮತ್ತೆ ತೆಗೆದಳು.

‘ಫೋನ್ ಎತ್ತೋಕೆ ಏನ್ ರೋಗ ನಿನ್ಗೆ?’

ಏಣಿ ಬಾಗಿಲಲ್ಲಿ ಎರಡಾಗಿ ಮಡಿಸಿಕೊಂಡು ನಿಂತಿದ್ದಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು, ಸೊಂಟ ದಪ್ಪಗಾಗಿತ್ತು, ಆದರೆ ಒಳಗೆ ಬರುವ ಆ ಭಂಗಿ, ಎಲ್ಲಿ ಹೋದರೂ ಕ್ಷಮಿಸಿ ಎನ್ನುವಂಥ ಬಾಗುವಿಕೆ, ಹಾಗೇ ಇತ್ತು. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಚೀಲದೊಳಗೆ ಮಡಿಸಿದ ಹಳೇ ಜರ್ಸಿಯ ಹದಿನಾಲ್ಕು ಅಡ್ಡಡ್ಡವಾಗಿ ಕಾಣುತ್ತಿತ್ತು.

‘ಬೋರ್ಡಿನ ಪಕ್ಕ ಇದನ್ನೂ ಗಾಜಿನ ಪೆಟ್ಟಿಗೇಲಿ ಹಾಕ್ತಾರಾ ಕೇಳು ಅಂತ ಮಗಳು ತಲೆ ತಿಂತಿದಾಳೆ. ಅವ್ಳ ಸ್ಕೂಲಲ್ಲಿ ಯಾವಳೋ ಹೇಳಿದ್ಳಂತೆ, ನಿಮ್ಮಮ್ಮ ಆಡಿದ್ದು ಯಾವ ಪುಸ್ತಕದಲ್ಲೂ ಇಲ್ಲ, ಬರೀ ಬೊಗಳೆ ಅಂತ. ನಾನಂದೆ, ಇರು, ಬೋರ್ಡ್ ಬರ್ಲಿ, ಆ ಹುಡುಗೀನ ಕರ್ಕೊಂಡ್ಹೋಗಿ ಗೋಡೆಗೆ ಮುಖ ಹಚ್ಚಿ ತೋರ್ಸು. ನಾನು ಎಷ್ಟನೇಯವ್ಳು? ಐವತ್ತರ ಒಳಗೆ ಇದೀನಾ?’ ಮಾತಾಡುತ್ತಲೇ ಅವಳು ಸ್ಟೂಲು ಎಳೆದುಕೊಂಡು ಕೂತಳು, ಕೂತವಳು ಹಾಳೆ ನೋಡಿದಳು. ‘ಹೇ! ಇದು ನಮ್ದೇ ಅಲ್ವಾ! ನಲವತ್ನಾಲ್ಕು–ತೊಂಬತ್ತೊಂದು! ಥೂ, ಎಂಥಾ ಹೊಡೆತ ತಿಂದಿದೀವಿ. ಹನ್ನೆರಡು ನಮ್ ಕ್ಯಾಪ್ಟನ್. ಹದಿಮೂರು ಆ ಜಗಳಗಂಟಿ. ಹದಿನಾಲ್ಕು…’

ಮೇಜಿನಕ್ಕ ತಂಗಿಯ ಮುಖ ನೋಡಲಿಲ್ಲ. ಬೆರಳು ನೋಡಿದಳು. ಉದ್ದ ಬೆರಳು, ಪಾತ್ರೆ ತೊಳೆದು ತುದಿ ಒರಟಾದದ್ದು. ಅದೂ ಅಲ್ಲೇ ನಿಂತಿತು, ಒಂಬತ್ತು ದಿನದ ಹಿಂದೆ ಇವಳದು ನಿಂತಲ್ಲೇ.

‘ನನ್ ಇಂಟು ಎಲ್ಲೇ?’ ಏಣಿ ಇನ್ನೂ ನಗುತ್ತಲೇ ಇದ್ದಳು. ‘ಇದು ಬೇರೆ ಕಾಪಿನಾ?’

‘ಎಲ್ಲ ಕಾಪೀಲೂ ಒಂದೇ. ಕಾರ್ಬನ್.’

‘ಅಂದ್ರೆ?’

ಹೊರಗೆ ಕೋರ್ಟಿನಲ್ಲಿ ಯಾರೋ ಒಬ್ಬಳೇ ಅಭ್ಯಾಸ ಮಾಡುತ್ತಿದ್ದಳು. ಚೆಂಡು ನೆಲಕ್ಕೆ ಬಡಿದಾಗಲೆಲ್ಲ ಇಳಿಜಾರು ಚಾವಣಿಯಿಂದ ಸುಣ್ಣದ ಪುಡಿ ಉದುರುತ್ತಿತ್ತು. ಏಣಿಯ ಕಣ್ಣು ಹಾಳೆಯ ಮೇಲೆ ನಿಧಾನವಾಗಿ ಕೆಳಗಿಳಿದು ತಳದ ಸಹಿಯ ಮೇಲೆ ಕೂತಿತು. ತುಂಬ ಹೊತ್ತು ಅಲ್ಲೇ ಇತ್ತು. ಅಷ್ಟು ಹೊತ್ತಿನಲ್ಲಿ ಅವಳು ಆ ಹನ್ನೊಂದು ಸೆಕೆಂಡನ್ನು ಎರಡು ಸಲ ಆಡಿ ಮುಗಿಸಬಹುದಿತ್ತು ಎಂದು ಮೇಜಿನಕ್ಕನಿಗೆ ಅನಿಸಿತು, ಅನಿಸಿದ್ದಕ್ಕೆ ಅಸಹ್ಯವೂ ಆಯಿತು.

‘ನಾನು ಇಳಿದಿದ್ದೆ ಅಲ್ವಾ ಅಕ್ಕಾ?’

ಆ ಪ್ರಶ್ನೆಗೆ ಅವಳು ಸಿದ್ಧಳಿರಲಿಲ್ಲ. ಬೈಗುಳಕ್ಕೆ ಸಿದ್ಧಳಿದ್ದಳು, ಅಳುವಿಗೆ ಸಿದ್ಧಳಿದ್ದಳು. ಇಪ್ಪತ್ತೆರಡು ವರ್ಷ ಮದುವೆಮನೆಯಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ, ಗಂಡನ ಕಡೆಯವರ ಮುಂದೆ ಎದೆ ಸೆಟೆಸಿ ದೇಶಕ್ಕೆ ಆಡಿದೀನಿ ಎಂದು ಹೇಳಿಕೊಂಡು ಬಂದವಳು ಈಗ ತಾನು ಆಡಿದೆನೋ ಇಲ್ಲವೋ ಎಂದು ಇವಳನ್ನು ಕೇಳುತ್ತಿದ್ದಳು. ಒಂದು ಹಾಳೆ ಅಷ್ಟು ಮಾಡಬಲ್ಲದು. ಇವಳು ‘ನೆನಪಿಲ್ಲ ಕಣೇ’ ಎಂದರೆ ಸಾಕಿತ್ತು. ತಂಗಿ ನಂಬುತ್ತಿದ್ದಳು, ತಾನೇ ಕನಸು ಕಂಡಿರಬೇಕೆಂದು ಚೀಲ ಎತ್ತಿಕೊಂಡು ಹೋಗುತ್ತಿದ್ದಳು. ನಾಲಿಗೆಯ ತುದಿಗೆ ಬಂದಿತ್ತು ಅದು.

‘ಇರು,’ ಎಂದಳು ಏಣಿ, ತಟ್ಟನೆ ತಲೆಯೆತ್ತಿ. ‘ಹೋದ ತಿಂಗ್ಳು, ಮಗಳ ಬರ್ತಡೇಲಿ. ನಾನು ಚೆಂಡು ಹಿಡಿದು ಪಾಸ್ ಕೊಟ್ಟೆ ಅಂತಿದ್ದೆ. ನೀನು ಎಲ್ಲರ ಮುಂದೆ ಏನಂದೆ?’

ಮೇಜಿನಕ್ಕ ಹಾಳೆಯ ಅಂಚು ನೇರ ಮಾಡಿದಳು.

‘ಚೆಂಡು ಮುಟ್ಟೇ ಇಲ್ಲ ಬಿಡೇ ಅಂದೆ. ಪ್ರತೀ ಸಲ ಅಂತೀಯ. ಹನ್ನೊಂದು ಸೆಕೆಂಡೂ ಆ ಕಡೆಯವ್ಳೇ ಚೆಂಡು ಇಟ್ಕೊಂಡಿದ್ಳು, ನೀನು ಕೈ ಎತ್ಕೊಂಡು ಓಡಿದ್ದೇ ಬಂತು ಅಂತೀಯ. ಎಲ್ಲ ನಗ್ತಾರೆ. ನಾನೂ ನಗ್ತೀನಿ. ಒಳಗೇ ಇರದವ್ಳ ಬಗ್ಗೆ ಚೆಂಡು ಮುಟ್ಟಿಲ್ಲ ಅಂತ ಯಾರಾದ್ರೂ ಹೇಳ್ತಾರೇನೇ? ನನ್ ಸುಳ್ಳು ಹಿಡಿಯೋಕೆ ಅಷ್ಟೊಂದು ನೆನಪಿಟ್ಕೊಂಡಿದೀಯಲ್ಲ, ಆ ಇಂಟು ಹಾಕೋಕೆ ಏನಾಗಿತ್ತು?’ ದನಿ ಏರಿ, ಒಡೆದು, ಇಳಿಯಿತು. ‘ಮರೆತೆ ಅನ್ನು ಅಕ್ಕ. ಸುಳ್ಳಾದ್ರೂ ಪರವಾಗಿಲ್ಲ, ಮರೆತೆ ಅನ್ನು.’

ಮೇಜಿನಕ್ಕನಿಗೆ ಅನ್ನಲಾಗಲಿಲ್ಲ. ಬದಲಿಗೆ ಅವಳ ಕೈ ನೀಲಿ ಪೆನ್ನನ್ನು ಹಾಳೆಯ ಮೇಲೆ ತಂದಿತು, ಚೌಕದ ಮೇಲೆ, ಇನ್ನೇನು ತಾಗಬೇಕು. ಏಣಿ ಮಣಿಕಟ್ಟು ಹಿಡಿದಳು. ಗಟ್ಟಿ ಹಿಡಿತ.

‘ಬೇಡ. ನಾನೇನು ಬೇಲಿ ಹಾರಿ ಕದ್ದು ಇಳಿದಿದ್ನಾ? ಮೇಜಿಗೆ ಬಂದು ನಿನ್ ಮುಂದೆ ನಿಂತು ಹೇಳಿ ಇಳಿದಿದ್ದೆ.’

ಹೌದು, ನಿಂತಿದ್ದಳು. ಬದಲಿ ಆಟಗಾರ್ತಿ ತಾನೇ ಮೇಜಿಗೆ ಬಂದು ಹೇಳಬೇಕು, ಅದು ಕ್ರಮ. ಹೊಸ ಬಿಳಿ ಬೂಟು, ಮೇಜಿನ ಅಂಚಿಗೆ ಒತ್ತಿದ ಎರಡು ತೊಡೆ, ಮೇಲಿನಿಂದ ಬಂದ ಏದುಸಿರು, ‘ಅಕ್ಕಾ, ಹದಿನಾಲ್ಕು.’ ಮೇಜಿಗೆ ನೆಂಟಸ್ತಿಕೆ ಇಲ್ಲ. ಮೇಜಿನವರು ಚಪ್ಪಾಳೆ ತಟ್ಟುವಂತಿಲ್ಲ, ನಗುವಂತಿಲ್ಲ. ಇವಳು ತಲೆಯೆತ್ತದೆ ‘ಕೂತ್ಕೋ’ ಎಂದು ಪಕ್ಕದ ಕುರ್ಚಿ ತೋರಿಸಿದಳು. ಹಾರ್ನು ಕೂಗಿತು. ಸಹಾಯಕ ‘ಹದಿನಾಲ್ಕು ಒಳಗೆ’ ಎಂದ, ಇವಳು ‘ಹ್ಞೂ’ ಎಂದಳು. ಪೆನ್ನು ಕೈಯಲ್ಲಿತ್ತು. ಕ್ಯಾಪು ತೆಗೆದಿತ್ತು. ಆಗ ಅವಳು ತಲೆಯೆತ್ತಿದಳು. ಎಂದೂ ಎತ್ತದವಳು ಎತ್ತಿದಳು. ತಂಗಿ ಓಡುತ್ತಿದ್ದಳು, ಎರಡೂ ಕೈ ಮೇಲೆ, ಬಾಯಿ ಅರ್ಧ ತೆರೆದು, ಇವಳು ಕಲಿಸಿದ ಹೆಜ್ಜೆಯಲ್ಲೇ. ಚೆಂದ ಓಡುತ್ತಿದ್ದಳು. ಪೆನ್ನು ಹಿಡಿದೇ ನೋಡಿದಳು. ಆ ನೋಟವನ್ನು ಪ್ರೀತಿ ಎಂದು ಇಷ್ಟು ವರ್ಷ ಇಟ್ಟುಕೊಂಡಿದ್ದಳು; ಪ್ರೀತಿಯೂ ಇತ್ತು. ಅದರ ಬೆನ್ನಿಗೇ ಇನ್ನೊಂದು ಬಂದಿತ್ತು: ಇರಲಿ, ಆಮೇಲೆ ಹಾಕೋಣ. ಒಂದು ಪುಟ್ಟ ಆಮೇಲೆ, ನಾಲಿಗೆಯ ಕೆಳಗೆ ಇಟ್ಟುಕೊಂಡ ಸಕ್ಕರೆಯಂತೆ. ಅಷ್ಟು ಹೊತ್ತು ತಂಗಿ ಒಳಗಿರುವುದೂ ಇಲ್ಲದಿರುವುದೂ ತನ್ನ ಎರಡು ಬೆರಳ ನಡುವೆ ಇತ್ತು. ಆಟ ಮುಗಿಯಿತು. ಖಾಲಿ ಉಳಿದ ಫೌಲ್ ಚೌಕಗಳಿಗೆ ಸ್ಕೇಲು ಇಟ್ಟು ಗೆರೆ ಎಳೆಯುತ್ತಾ ಬಂದಳು, ಹನ್ನೆರಡು, ಹದಿಮೂರು, ಹದಿನಾಲ್ಕು. ಸ್ಕೇಲಿನ ತುದಿಯಿಂದ ಒಂದು ಬೆರಳಿನಾಚೆ ಆ ಚೌಕ ಬೆಳ್ಳಗಿತ್ತು. ಆಗಲೂ ಕಂಡಿತ್ತು. ಸ್ಕೇಲು ಮುಂದಿನ ಸಾಲಿಗೆ ಸರಿದಿತ್ತು.

ಕಾರ್ಯದರ್ಶಿ ತಮ್ಮ ಕೋಣೆಯಲ್ಲಿ ತಿದ್ದುಪಡಿ ಫಾರಂ ಕೊಡುವಾಗ ಎರಡು ಸಲ ಕೇಳಿದರು, ‘ನಿಮ್ದಾ? ನೀವಾ?’ ಆಮೇಲೆ ದನಿ ತಗ್ಗಿಸಿ, ಬಾಗಿಲ ಬಳಿ ನಿಂತ ಏಣಿಗೆ ಕೇಳದಂತೆ, ‘ಮೇಡಂ, ಸುಮ್ನೆ ಯಾಕೆ. ಮುಂದಿನ ತಿಂಗಳು ಕೈ ತಪ್ಪತ್ತೆ. ಇನ್ಮೇಲೆ ತರಬೇತಿಗೆ ಕರೆದ್ರೂ ಹುಡುಗೀರು ಹಿಂದೆ ನಗ್ತಾರೆ’ ಎಂದರು. ಅವಳು ಫಾರಮ್ಮನ್ನು ಅವರ ಮೇಜಿನ ಮೂಲೆಗೆ ಎಳೆದುಕೊಂಡಳು. ‘ಸರಿ ಬಿಡಿ, ನಿಮ್ಮಿಷ್ಟ. ಕಾರಣ ಅಂತ ಇದೆಯಲ್ಲ, ಗಡಿಬಿಡಿ ಅಂತ ಹಾಕಿ. ಮರೆವು ಅಂತಾನಾದ್ರೂ ಹಾಕಿ. ಯಾರೂ ಓದಲ್ಲ.’

ಪಂದ್ಯ, ತಾರೀಕು, ನಾಲ್ಕನೇ ಕ್ವಾರ್ಟರ್, ಉಳಿದ ಸಮಯ ಹನ್ನೊಂದು ಸೆಕೆಂಡು, ಆಟಗಾರ್ತಿ ನಂಬರ್ ಹದಿನಾಲ್ಕು. ದುಂಡಗಿನ ಅಕ್ಷರಗಳು ತಾವಾಗಿ ಬಂದವು. ಕಾರಣ ಎಂದಿದ್ದ ಸಾಲಿನಲ್ಲಿ ಅವಳು ‘ಮರೆವು’ ಎಂದು ಬರೆದಳು. ನೋಡಿದಳು. ಎಷ್ಟು ಚಿಕ್ಕ ಮಾತು, ಎಷ್ಟು ಜಾಗ ಉಳಿಸುತ್ತದೆ. ತಪ್ಪು ಬರೆದರೆ ಅಳಿಸಬಾರದು, ತೀಡಬಾರದು, ಓದಲು ಬರುವಂತೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಣ್ಣ ಸಹಿ ಹಾಕಬೇಕು ಎಂದು ಅವಳು ಎಷ್ಟು ಹುಡುಗಿಯರಿಗೆ ಕಲಿಸಿದ್ದಳು. ‘ಮರೆವು’ ಎಂಬುದರ ಮೇಲೆ ಒಂದೇ ಗೆರೆ ಎಳೆದಳು. ಪಕ್ಕದಲ್ಲಿ ಸಣ್ಣ ಸಹಿ. ಅದರ ಕೆಳಗೆ ಬರೆದಳು: ‘ಕಂಡಿದ್ದೆ. ಹಾಕಲಿಲ್ಲ.’

ಕಾರ್ಯದರ್ಶಿ ಓದಿದರು. ಕನ್ನಡಕ ತೆಗೆದರು, ಒರೆಸಲಿಲ್ಲ, ಹಾಗೇ ಕೈಯಲ್ಲಿ ಹಿಡಿದುಕೊಂಡರು. ‘ಆಟಗಾರ್ತೀದೂ ಸಹಿ ಬೇಕು’ ಎಂದರು, ಯಾರನ್ನೂ ನೋಡದೆ. ‘ಬೋರ್ಡಿನವ್ರಿಗೆ ಒಂದು ಸಾಲು ಖಾಲಿ ಬಿಡಿ ಅಂತ ಹೇಳ್ತೀನಿ. ಕಮಿಟಿ ಒಪ್ಪಿದ್ರೆ ಬರೀತಾರೆ. ಒಪ್ಪದಿದ್ರೆ…’

ಏಣಿ ಬಗ್ಗಿ ಬಂದು ಫಾರಂ ಎತ್ತಿಕೊಂಡಳು. ಎರಡೇ ಮಾತಿದ್ದರೂ ಅವಳು ಓದುತ್ತಲೇ ಇದ್ದಳು. ಕೋರ್ಟಿನಲ್ಲಿ ಚೆಂಡಿನ ಸದ್ದು ನಿಂತಿತ್ತು. ಆ ಹುಡುಗಿ ನೀರು ಕುಡಿಯಲು ಹೋಗಿರಬೇಕು. ಮೇಜಿನಕ್ಕ ತಂಗಿಯ ಮುಖ ನೋಡಲು ತಲೆಯೆತ್ತಿದಳು. ಪೂರಾ ಎತ್ತಬೇಕಾಯಿತು, ಕತ್ತು ನೋಯುವಷ್ಟು. ಆ ಮುಖದಲ್ಲಿ ಸಿಟ್ಟು ಹುಡುಕಿದಳು, ಸಿಕ್ಕಿದ್ದರೆ ನೆಮ್ಮದಿಯಾಗುತ್ತಿತ್ತು. ಏಣಿ ಅಕ್ಕನ ಕೈಯಿಂದಲೇ ಪೆನ್ನು ತೆಗೆದುಕೊಂಡು, ಫಾರಮ್ಮನ್ನು ಗೋಡೆಗಿಟ್ಟು, ಅಂಕುಡೊಂಕಾಗಿ ಸಹಿ ಹಾಕಿದಳು. ಪೆನ್ನನ್ನು ಹಿಂದಕ್ಕೆ ಕೊಡದೆ ಮೇಜಿನ ಮೇಲಿಟ್ಟಳು. ಜರ್ಸಿಯ ಚೀಲ ಎತ್ತಿಕೊಂಡು ಎದೆಗೆ ಒತ್ತಿಕೊಂಡಳು.

‘ಚೆಂಡು?’ ಎಂದಳು.

ಈಗಲಾದರೂ ಮೇಜಿನಕ್ಕ ಸುಳ್ಳು ಹೇಳಬಹುದಿತ್ತು. ಹೇಳಿದರೆ ಯಾರಿಗೂ ನಷ್ಟವಿರಲಿಲ್ಲ. ಚೆಂಡು ಮುಟ್ಟಿದ್ದನ್ನು ಬರೆಯುವ ಚೌಕ ಯಾವ ಹಾಳೆಯಲ್ಲೂ ಇಲ್ಲ.

‘ಮುಟ್ಟಲಿಲ್ಲ,’ ಎಂದಳು.

‘ಗೊತ್ತು,’ ಎಂದಳು ಏಣಿ, ಮತ್ತು ತಲೆ ತಗ್ಗಿಸಿ ಬಾಗಿಲು ದಾಟಿ, ಅಕ್ಕನಿಗಾಗಿ ಕಾಯದೆ ಹೋದಳು.